ಸಲಹೆ ಪೆಟ್ಟಿಗೆ ಮತ್ತು ಕಬ್ಬಿಣದ ನೇಗಿಲು

ಬೆಳಗಾವಿಯಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಗರ ದಾಟಿದ ಕೆಲವೇ ಕಿಲೋಮೀಟರುಗಳಲ್ಲಿ ಕಾಕತಿ ಸಿಗುತ್ತದೆ. 1778ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು ಇದು. ಚರಿತ್ರೆಯ ಪುಸ್ತಕಗಳಲ್ಲಿ ಕಾಕತಿಗೆ ಸಿಗುವ ಜಾಗ ಸಾಮಾನ್ಯವಾಗಿ ಈ ಒಂದು ಸಾಲಿನಷ್ಟೇ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಈ ಊರಿನ ಆಸುಪಾಸಿನಲ್ಲಿ ಇನ್ನೊಂದು ಚರಿತ್ರೆ ಬೆಳೆದಿದೆ. ಊರಿಗೆ ಬರುವ ಮೊದಲೇ ಯಮನಾಪುರದ ಅಲ್ಯುಮಿನಾ ಕಾರ್ಖಾನೆ ಕಾಣುತ್ತದೆ. ಊರು ದಾಟಿದರೆ ಹೊನಗಾ ಕೈಗಾರಿಕಾ ಪ್ರದೇಶ. ಇದೇ ರಸ್ತೆಯಲ್ಲಿ ಇನ್ನೂ ಮುಂದೆ ಹತ್ತರಗಿಯಲ್ಲಿ, 2009ರಲ್ಲಿ ಆರಂಭವಾದ, ವಿಮಾನದ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ನಗರದ ಇನ್ನೊಂದು ದಿಕ್ಕಿನಲ್ಲಿ, ಖಾನಾಪುರದ ರಸ್ತೆಯಲ್ಲಿ, ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳು, ಲೇತ್ ಶೆಡ್ಡುಗಳು ಸಾಲಾಗಿ ನಿಂತಿವೆ. ಕನ್ನಡ, ಮರಾಠಿ, ಉರ್ದು ಈ ಮೂರೂ ಭಾಷೆ ಕಿವಿಗೆ ಬೀಳುವ ಕೈಗಾರಿಕಾ ನಗರವಿದು.

ಕೈಗಾರಿಕೆಯ ಚರಿತ್ರೆ ಬರೆಯುವವರು ಬಂಡವಾಳ ಎಷ್ಟು, ಜಮೀನು ಎಷ್ಟು, ಮಾಲೀಕರು ಯಾರು, ಉತ್ಪಾದನೆ ಎಷ್ಟು ಎಂದು ದಾಖಲಿಸುತ್ತಾರೆ. ಆದರೆ ಒಂದು ಕಾರ್ಖಾನೆಯೊಳಗೆ ಹೊಸ ಆಲೋಚನೆ ಎಲ್ಲಿಂದ ಬಂತು, ಅದನ್ನು ಮೊದಲು ಕೇಳಿಸಿಕೊಂಡವರು ಯಾರು, ಯಾರು ಅದಕ್ಕೆ ಕಬ್ಬಿಣ ಮತ್ತು ಸಮಯ ಕೊಟ್ಟರು ಎಂಬುದು ಅಪರೂಪಕ್ಕೆ ದಾಖಲಾಗುತ್ತದೆ. ಇಂದು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಇದಕ್ಕೆ ‘ಆಲೋಚನೆಗಳ ನಿರ್ವಹಣೆ’ ಎಂಬ ದೊಡ್ಡ ಹೆಸರಿದೆ. ಹೆಸರು ಹೊಸದು, ಸಮಸ್ಯೆ ಹಳೆಯದು. ಈ ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಒಂದು ಒಳ್ಳೆಯ ನಿದರ್ಶನ ನಮ್ಮ ಬೆಳಗಾವಿಯಲ್ಲೇ ಇದೆ. ಅದು ಸುಮಾರು ನೂರಿಪ್ಪತ್ತು ವರ್ಷಗಳ ಹಿಂದಿನ ಕಬ್ಬಿಣದ ನೇಗಿಲಿನ ಕತೆ.

ಸೈಕಲ್ ಅಂಗಡಿಯಿಂದ ನೇಗಿಲಿನವರೆಗೆ

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದರು. ಆದರೆ ಕೆಲವು ಬಣ್ಣಗಳನ್ನು ಗುರುತಿಸುವ ಶಕ್ತಿ ಅವರ ಕಣ್ಣಿಗಿರಲಿಲ್ಲ. ಬಣ್ಣದ ಚಿತ್ರ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಪಾಠ ಹೇಳುವ ಶಿಕ್ಷಕರಾದರು. ಮುಂಬಯಿಯಿಂದ ಅವರು ಕಳಿಸಿದ ಸೈಕಲ್ಲುಗಳನ್ನು ಅಣ್ಣ ರಾಮಣ್ಣ ಬೆಳಗಾವಿಯಲ್ಲಿ ಮಾರುತ್ತಿದ್ದರು. ಕಿರ್ಲೋಸ್ಕರ್ ಸಂಸ್ಥೆ ತನ್ನ ಹುಟ್ಟಿನ ವರ್ಷವೆಂದು ಲೆಕ್ಕ ಹಾಕುವುದು ಈ ಸೈಕಲ್ ವ್ಯಾಪಾರ ಶುರುವಾದ 1888ನ್ನು.

ಮುಂಬಯಿಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಸಿಗಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ ಸಹೋದ್ಯೋಗಿಗೆ ಹೋಯಿತು. ಅವರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ವಸಾಹತು ಆಡಳಿತದ ಸಂಸ್ಥೆಗಳಲ್ಲಿ ಒಬ್ಬ ಮನುಷ್ಯನ ಬುದ್ಧಿಗಿಂತ ಅವನ ಜನಾಂಗವೇ ಮುಖ್ಯವಾಗುತ್ತಿತ್ತು ಎಂಬುದಕ್ಕೆ ಇದೊಂದು ಉದಾಹರಣೆ. ಕೈಯಲ್ಲಿದ್ದ ಒಬ್ಬ ನುರಿತ ಯಂತ್ರಜ್ಞನನ್ನು ಆ ಸಂಸ್ಥೆ ಕಳೆದುಕೊಂಡಿತು. ಬೆಳಗಾವಿಗೆ ಅವನು ದಕ್ಕಿದ.

ಬೆಳಗಾವಿಯಲ್ಲಿ ಸೈಕಲ್ ಮಾರುತ್ತ, ರಿಪೇರಿ ಮಾಡುತ್ತ ಇದ್ದ ಅಂಗಡಿ ನಿಧಾನವಾಗಿ ವರ್ಕ್‌ಶಾಪ್ ಆಯಿತು. ಅಲ್ಲಿ ಮೊದಲು ತಯಾರಾದವುಗಳಲ್ಲಿ ದನಗಳ ಮೇವು ಕತ್ತರಿಸುವ ಯಂತ್ರವೂ ಒಂದು. ಬೆಳಗಾವಿ, ಧಾರವಾಡ, ಬಿಜಾಪುರ ಸೀಮೆಯಲ್ಲಿ ಜೋಳದ ಕಣಿಕಿಯೇ ದನಕ್ಕೆ ಮುಖ್ಯ ಮೇವು. ಉದ್ದನೆಯ ಕಣಿಕಿಯನ್ನು ಹಾಗೆಯೇ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತದೆ. ಕತ್ತರಿಸಿ ಹಾಕಿದರೆ ಹಾಳಾಗುವುದು ಕಡಿಮೆ. ದನ ಸಾಕಿದವರಿಗೆಲ್ಲ ಗೊತ್ತಿದ್ದ ತೊಂದರೆಗೆ ಕಬ್ಬಿಣದ ಉತ್ತರ ಹುಡುಕಿದ ಯಂತ್ರವದು.

1903ರಲ್ಲಿ ಕಬ್ಬಿಣದ ನೇಗಿಲು ಬಂತು. ನಮ್ಮ ಕಡೆ ಮರದ ನೇಗಿಲು ಮಣ್ಣನ್ನು ಗೀರುತ್ತದೆ, ಸೀಳುತ್ತದೆ, ಆದರೆ ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗೆ ಬಾಗಿದ ರೆಕ್ಕೆಯಂಥ ಹಲಗೆ ಇರುತ್ತದೆ. ಅದು ಆಳದ ಮಣ್ಣನ್ನು ಮೇಲಕ್ಕೆ ತಂದು ಮಗುಚಿ ಹಾಕುತ್ತದೆ. ಎರೆಭೂಮಿಯಲ್ಲಿ ಆಳಕ್ಕಿಳಿದ ಕರಿಕೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಷ್ಟೆಲ್ಲ ಲಾಭವಿದ್ದರೂ ರೈತರು ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯ ಹಲವರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಕಾಯಬೇಕಾಯಿತು ಎಂಬುದು ಕಿರ್ಲೋಸ್ಕರ್ ಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು.

ರೈತನ ಈ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ರೈತನ ಜಾಗದಲ್ಲಿ ನಿಂತು ನೋಡಿದರೆ ಅದರ ಹಿಂದಿನ ಲೆಕ್ಕ ಕಾಣುತ್ತದೆ. ಹೊಲದಲ್ಲಿ ಮಾಡುವ ಪ್ರಯೋಗ ಸೋತರೆ ಒಂದು ವರ್ಷದ ಅನ್ನವೇ ಹೋಗುತ್ತದೆ. ಮರದ ನೇಗಿಲು ಮುರಿದರೆ ಊರ ಬಡಿಗ ಸರಿ ಮಾಡುತ್ತಾನೆ. ಕೂಲಿಗೆ ಕಾಳು ಕೊಟ್ಟರೆ ಸಾಕು. ಎರಕದ ಕಬ್ಬಿಣದ ನೇಗಿಲು ಮುರಿದರೆ ಏನು ಮಾಡುವುದು? ಅದನ್ನು ಎಳೆಯಲು ಎತ್ತು ಎಷ್ಟು ಬೇಕು? ಹೊಸ ವಸ್ತು ತಂದವನು ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಸವೆದ ಮೊನೆಯನ್ನು ಬಿಚ್ಚಿ ಹೊಸದು ಹಾಕುವಂತಿರಬೇಕು, ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗಬೇಕು. ಹೀಗೆ ನೋಡಿದರೆ ಗಿರಾಕಿಯ ‘ಬೇಡ’ ಎಂಬ ಮಾತು ಸಹ ಒಂದು ಸಲಹೆಯೇ. ಅದನ್ನು ಸಿಟ್ಟಿನಿಂದ ಕೇಳದೆ ಕಿವಿಗೊಟ್ಟು ಕೇಳಿದ ಕಾರ್ಖಾನೆ ಉಳಿಯುತ್ತದೆ. ಎರಡು ವರ್ಷ ಮಾರಾಟವಿಲ್ಲದ ವಸ್ತುವನ್ನು ಕೈಬಿಡದೆ ಇಟ್ಟುಕೊಳ್ಳುವುದು ಸಣ್ಣ ವರ್ಕ್‌ಶಾಪಿಗೆ ಸಾಮಾನ್ಯ ವಿಷಯವಲ್ಲ. ಸೈಕಲ್ ಮತ್ತು ಮೇವಿನ ಯಂತ್ರದ ಗಳಿಕೆ ಇಲ್ಲದಿದ್ದರೆ ನೇಗಿಲಿನ ಆಲೋಚನೆ ಆ ಎರಡು ವರ್ಷಗಳಲ್ಲೇ ತೀರಿಹೋಗುತ್ತಿತ್ತು.

ಊರು ಕಳೆದುಕೊಂಡದ್ದು

ನೇಗಿಲಿಗೆ ಬೇಡಿಕೆ ಹತ್ತುತ್ತಿದ್ದ ಕಾಲಕ್ಕೆ ಬೆಳಗಾವಿಯ ನಗರಾಡಳಿತಕ್ಕೆ ಆ ಜಾಗ ಬೇಕಾಯಿತು. ಹೊಸ ಬಡಾವಣೆ ಮಾಡುವ ಸಲುವಾಗಿ ಕಾರ್ಖಾನೆಯನ್ನು ತೆರವುಗೊಳಿಸಲು ಆದೇಶ ಬಂತು. ಲಕ್ಷ್ಮಣರಾಯರ ಬಳಿ ಬೇರೆ ಜಮೀನು ಕೊಳ್ಳುವ ಹಣವಿರಲಿಲ್ಲ. ಆಗ ಕೈಹಿಡಿದದ್ದು ಔಂಧ್ ಎಂಬ ಸಣ್ಣ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ, ಕಳ್ಳಿ ಮತ್ತು ಹಾವುಗಳು ತುಂಬಿದ್ದ 32 ಎಕರೆ ಬೀಳು ಭೂಮಿಯನ್ನು ಆತ ಕೊಟ್ಟ. ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟ. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಬೆಳಗಾವಿಯಲ್ಲಿ ಉಳಿದದ್ದು ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು ಮಾತ್ರ.

ಇಲ್ಲಿ ನಾವು ಒಂದು ಮಾತನ್ನು ಗಮನಿಸಬೇಕು. ನಗರಾಡಳಿತದ ದೃಷ್ಟಿಯಲ್ಲಿ ಅದು ತಪ್ಪು ನಿರ್ಧಾರವೇನೂ ಆಗಿರಲಿಕ್ಕಿಲ್ಲ. ಊರು ಬೆಳೆಯುತ್ತಿತ್ತು, ಮನೆಗಳಿಗೆ ಜಾಗ ಬೇಕಿತ್ತು. ಆದರೆ ಅಳೆಯುವ ಕೋಲು ಒಂದೇ ಆಗಿತ್ತು. ಜಾಗದ ಚದರ ಅಡಿ ಲೆಕ್ಕಕ್ಕೆ ಸಿಕ್ಕಿತು. ಆ ಶೆಡ್ಡಿನೊಳಗೆ ಏನು ಬೆಳೆಯುತ್ತಿದೆ ಎಂಬುದು ಲೆಕ್ಕಕ್ಕೆ ಸಿಗಲಿಲ್ಲ. ಸಂಸ್ಥೆಗಳಲ್ಲಿ ಹೊಸ ಆಲೋಚನೆ ಸಾಯುವುದು ಹೆಚ್ಚಾಗಿ ಹೀಗೆಯೇ. ಅದನ್ನು ಯಾರೂ ಬೇಕೆಂದು ಕೊಲ್ಲುವುದಿಲ್ಲ. ಅದು ಯಾವ ಕಾಲಮಿನಲ್ಲೂ ಬರದ ಕಾರಣ ಯಾರಿಗೂ ಕಾಣುವುದಿಲ್ಲ.

ಶಾಲೆ ಬಿಟ್ಟ ಹುಡುಗರು

ಕಿರ್ಲೋಸ್ಕರವಾಡಿಯ ಮೊದಲ ತಲೆಮಾರಿನ ಜನರನ್ನು ನೋಡಿದರೆ ಇಂದಿನ ಯಾವ ನೇಮಕಾತಿ ಅಧಿಕಾರಿಯೂ ಅವರಲ್ಲಿ ಹೆಚ್ಚಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಶಾಲೆ ಬಿಟ್ಟಿದ್ದ ಶಂಭುಅಣ್ಣ ಜಾಂಭೇಕರ್ ಅಲ್ಲಿ ನುರಿತ ಇಂಜಿನಿಯರ್ ಆದರು. ಅನಂತರಾವ್ ಫಳ್ಣೀಕರ್ ಅವರದೂ ಅದೇ ದಾರಿ. ಅಣ್ಣ ರಾಮಣ್ಣ ಊರಿನ ಯೋಜನೆ, ಆಡಳಿತ ನೋಡಿಕೊಂಡರು. ಶಿಕ್ಷೆಗೊಳಗಾಗಿ ಬಂದಿದ್ದ ತುಕಾರಾಮ ರಾಮೋಶಿ ಮತ್ತು ಪಿರ‍್ಯಾ ಮಾಂಗ್ ಎಂಬಿಬ್ಬರನ್ನು ವಸಾಹತಿನ ಕಾವಲಿಗೆ ನೇಮಿಸಲಾಯಿತು. ಅವರು ನಂಬಿಕೆಯ ಕಾವಲುಗಾರರಾದರು. ರಾಮೋಶಿಗಳಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಸಂಶಯಿಸುತ್ತಿದ್ದ ಕಾಲವದು. ವಸಾಹತಿನಲ್ಲಿ ಅಸ್ಪೃಶ್ಯತೆಗೂ ಲಕ್ಷ್ಮಣರಾಯರು ಅವಕಾಶ ಕೊಡಲಿಲ್ಲ.

ಇದನ್ನು ಸಮಾಜ ಸುಧಾರಣೆಯ ಅಧ್ಯಾಯದಲ್ಲಿ ಸೇರಿಸಿ ಮುಂದೆ ಹೋಗುವುದು ರೂಢಿ. ಆದರೆ ಇದು ಕಾರ್ಖಾನೆಯ ಬುದ್ಧಿಗೂ ಸಂಬಂಧಿಸಿದ ವಿಷಯ. ಎದುರಿಗೆ ಕುಳಿತುಕೊಳ್ಳುವ ಹಕ್ಕಿಲ್ಲದವನು ಎದುರಿಗೆ ಮಾತನಾಡಲಾರ. ಭಟ್ಟಿಯ ಮುಂದೆ ನಿಂತವನಿಗೆ ಎರಕ ಯಾಕೆ ಸೀಳುತ್ತದೆ ಎಂಬುದು ಗೊತ್ತಿರುತ್ತದೆ. ಅವನು ಬಾಯಿ ಬಿಡಬೇಕಾದರೆ, ಹೇಳಿದರೆ ಬೈಗುಳ ಸಿಗುವುದಿಲ್ಲ ಎಂಬ ಧೈರ್ಯ ಬೇಕು. ಜಾತಿ, ಭಾಷೆ, ಧರ್ಮ, ಪದವಿಪತ್ರ ಇವುಗಳ ಗೋಡೆ ಎದ್ದಷ್ಟೂ ಮಾಲೀಕನ ಕಿವಿಗೆ ತಲುಪುವ ಮಾತು ಕಡಿಮೆಯಾಗುತ್ತದೆ.

ಇನ್ನೊಂದು ಕುತೂಹಲದ ಸಂಗತಿಯೂ ಇದೆ. 1920ರಲ್ಲಿ ಲಕ್ಷ್ಮಣರಾಯರ ಸಂಬಂಧಿ ಶಂಕರರಾವ್ ಕಿರ್ಲೋಸ್ಕರ್ ‘ಕಿರ್ಲೋಸ್ಕರ್ ಖಬರ್’ ಎಂಬ ಮರಾಠಿ ಪತ್ರಿಕೆ ಆರಂಭಿಸಿದರು. ಹೆಸರೇ ಹೇಳುವಂತೆ ಅದು ಮೊದಲಿಗೆ ಕಾರ್ಖಾನೆಯ ಖಬರು ಹಂಚುವ ಮನೆಪತ್ರಿಕೆ. ಮುಂದೆ ‘ಕಿರ್ಲೋಸ್ಕರ್’ ಎಂಬ ಹೆಸರಿನಲ್ಲಿ ಮರಾಠಿಯ ಮುಖ್ಯ ಮಾಸಪತ್ರಿಕೆಗಳಲ್ಲಿ ಒಂದಾಯಿತು. ನೇಗಿಲು ತಯಾರಿಸುವ ಕಾರ್ಖಾನೆಗೆ ಪತ್ರಿಕೆ ಏಕೆ ಬೇಕಾಯಿತು? ದೂರದ ಊರುಗಳಲ್ಲಿ ಹರಡಿದ ಏಜೆಂಟರು, ಗಿರಾಕಿಗಳು ಮತ್ತು ಕಾರ್ಖಾನೆಯ ನಡುವೆ ಮಾತು ಹರಿಯಲು ಒಂದು ಕಾಲುವೆ ಬೇಕಿತ್ತು. ಆ ಕಾಲದಲ್ಲಿ ಮುದ್ರಣಕ್ಕಿಂತ ಉತ್ತಮ ಕಾಲುವೆ ಬೇರೆ ಇರಲಿಲ್ಲ.

ಪೆಟ್ಟಿಗೆಯ ಚರಿತ್ರೆ

ಜನರ ಸಲಹೆಯನ್ನು ಕ್ರಮಬದ್ಧವಾಗಿ ಕೇಳುವ ಪದ್ಧತಿ ಜಗತ್ತಿನಲ್ಲಿ ಹೊಸದಲ್ಲ. ಜಪಾನಿನ ಆಡಳಿತಗಾರ ತೊಕುಗಾವಾ ಯೊಶಿಮುನೆ 1721ರಲ್ಲಿ ರಾಜಧಾನಿ ಎದೊ ನಗರದಲ್ಲಿ ಒಂದು ಪೆಟ್ಟಿಗೆ ಇಡಿಸಿದ. ಜನ ತಮ್ಮ ಅಹವಾಲನ್ನು, ಸಲಹೆಯನ್ನು ಬರೆದು ಹೆಸರು ವಿಳಾಸ ಸಹಿತ ಹಾಕಬಹುದಿತ್ತು. ಬಡವರಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದು ಒಗಾವಾ ಶೋಸೆನ್ ಎಂಬ ವೈದ್ಯ ಆ ಪೆಟ್ಟಿಗೆಗೆ ಪತ್ರ ಹಾಕಿದ. ಮರುವರ್ಷವೇ, 1722ರಲ್ಲಿ, ಕೊಯಿಶಿಕಾವಾದಲ್ಲಿ ಬಡವರ ಆಸ್ಪತ್ರೆ ತೆರೆಯಿತು. ಸಲಹೆ ಬಂದಾಗ ಬೇಗನೆ ಉತ್ತರ ಕೊಟ್ಟದ್ದರಿಂದ ಆ ಪೆಟ್ಟಿಗೆಗೆ ಬೆಲೆ ಬಂತು.

ಕಾರ್ಖಾನೆಗಳಲ್ಲಿ ಈ ಪದ್ಧತಿ ಕಾಣಿಸಿಕೊಂಡದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಹಡಗು ಕಟ್ಟುತ್ತಿದ್ದ ವಿಲಿಯಂ ಡೆನ್ನಿ ಕಂಪನಿ 1880ರಲ್ಲಿ, ಕೆಲಸವನ್ನು ಸುಧಾರಿಸುವ ಉಪಾಯ ಸೂಚಿಸಿದ ಕೆಲಸಗಾರರಿಗೆ ಬಹುಮಾನ ಕೊಡುವ ಯೋಜನೆ ಆರಂಭಿಸಿತು. ಸಲಹೆಗಳನ್ನು ತೂಗಿ ನೋಡಲು ಒಂದು ಸಮಿತಿಯೂ ಇತ್ತು. ಅಮೆರಿಕದ ಕೊಡಾಕ್ ಕಂಪನಿ 1898ರಲ್ಲಿ ಇಂಥದೇ ವ್ಯವಸ್ಥೆ ಮಾಡಿತು. ಅಲ್ಲಿ ಮೊದಲ ಬಹುಮಾನ ಎರಡು ಡಾಲರ್. ಕಿಟಕಿಯ ಗಾಜು ತೊಳೆದರೆ ಒಳಗೆ ಬೆಳಕು ಹೆಚ್ಚು ಬರುತ್ತದೆ ಎಂದು ಹೇಳಿದ ಒಬ್ಬ ಕೆಲಸಗಾರನಿಗೆ ಅದು ಸಿಕ್ಕಿತು. ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೊಟಾ ಕಂಪನಿಯವರು ಅಮೆರಿಕದ ಫೋರ್ಡ್ ಕಾರ್ಖಾನೆಗೆ ಹೋಗಿ ಅಲ್ಲಿನ ಸಲಹೆ ಪದ್ಧತಿಯನ್ನು ನೋಡಿ ಬಂದು, 1951ರಲ್ಲಿ ತಮ್ಮಲ್ಲಿ ಅದನ್ನು ಜಾರಿಗೆ ತಂದರು. ಮುಂದೆ ಆ ಕಾರ್ಖಾನೆಯ ಶಕ್ತಿಯೇ ಅದಾಯಿತು.

ಆದರೆ ಪೆಟ್ಟಿಗೆ ಇದ್ದ ಮಾತ್ರಕ್ಕೆ ಕಿವಿ ಇದೆ ಎಂದು ಅರ್ಥವಲ್ಲ. ಇದೇ ಕೊಡಾಕ್ ಕಂಪನಿಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಫಿಲ್ಮ್ ಇಲ್ಲದ ಡಿಜಿಟಲ್ ಕ್ಯಾಮೆರಾ ತಯಾರಿಸಿ ತೋರಿಸಿದ. ಫಿಲ್ಮ್ ಮಾರಿಯೇ ಬದುಕುತ್ತಿದ್ದ ಕಂಪನಿಗೆ ಆ ಆಲೋಚನೆ ನುಂಗಲಾರದ ತುತ್ತಾಯಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಕಿಟಕಿ ತೊಳೆಯುವ ಸಲಹೆಗೆ ಬಹುಮಾನ ಕೊಡುವುದು ಯಾವ ಆಡಳಿತಕ್ಕೂ ಕಷ್ಟವಲ್ಲ. ಇಂದಿನ ಗಳಿಕೆಗೇ ಕುತ್ತು ತರುವ ಸಲಹೆಯನ್ನು ಜೋಪಾನ ಮಾಡುವುದು ಕಷ್ಟ.

ನಮ್ಮ ನಾಡಿನಲ್ಲಿ ಸರ್ಕಾರವೇ ಇಂಥ ಪ್ರಯತ್ನ ಮಾಡಿದ ಉದಾಹರಣೆ ಹಳೆಯ ಮೈಸೂರು ಸಂಸ್ಥಾನದಲ್ಲಿದೆ. ಕಿರ್ಲೋಸ್ಕರವಾಡಿ ಹುಟ್ಟಿದ ಮರುವರ್ಷ, 1911ರಲ್ಲಿ, ಮುಖ್ಯ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಸಂಪದಭ್ಯುದಯ ಸಮಾಜ ಆರಂಭವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಸಮಿತಿಗಳನ್ನು ಮಾಡಿ, ಅಧಿಕಾರಿಗಳನ್ನೂ ಸಾರ್ವಜನಿಕರನ್ನೂ ಒಂದೆಡೆ ಕೂರಿಸಿ ಆಲೋಚನೆಗಳನ್ನು ಚರ್ಚಿಸುವ ವೇದಿಕೆ ಅದು. ಇಂಥ ಚರ್ಚೆಗಳ ಕಾಲದಲ್ಲೇ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು. ಒಂದು ಮಾತನ್ನು ಸಭೆಯಲ್ಲಿ ಹೇಳಿದ ಮೇಲೆ ಅದನ್ನು ಬೆನ್ನು ಹತ್ತುವ ಸಮಿತಿ ಇರಬೇಕು ಎಂಬ ಶಿಸ್ತು ಇಲ್ಲಿ ಮುಖ್ಯವಾದದ್ದು.

ಹೆಸರಿಲ್ಲದ ಕಮ್ಮಾರರು

ಆಲೋಚನೆಯ ಚರಿತ್ರೆಯಲ್ಲಿ ಹೆಸರಿನ ಪ್ರಶ್ನೆ ಚಿಕ್ಕದಲ್ಲ. ಟಿಪ್ಪು ಸುಲ್ತಾನನ ಸೈನ್ಯ ಬಳಸಿದ ರಾಕೆಟ್ಟುಗಳನ್ನು ನೆನೆಯಿರಿ. ಕಾಗದ ಅಥವಾ ಬಿದಿರಿನ ಬದಲು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ್ದರಿಂದ ಅವು ಹೆಚ್ಚು ದೂರ ಹಾರುತ್ತಿದ್ದವು. ಆ ಕೊಳವೆ ಮಾಡಿದ ಕಮ್ಮಾರರು, ಮದ್ದಿನ ಹದ ಕಂಡುಹಿಡಿದ ಕಸುಬುದಾರರು ಯಾರೆಂದು ಚರಿತ್ರೆಯಲ್ಲಿ ದಾಖಲಾಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ಆಧರಿಸಿ ಹೊಸ ರಾಕೆಟ್ ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿದ್ದ ಆ ರಾಕೆಟ್ಟುಗಳು ಕಾಂಗ್ರೀವ್‌ನ ಹೆಸರಿನಲ್ಲಿಯೇ ಪ್ರಸಿದ್ಧವಾದವು.

ಗೆದ್ದವನು ಸೋತವನ ಆಲೋಚನೆಯನ್ನು ತೆಗೆದುಕೊಂಡು ಹೋದ ಎಂದು ನಾವು ನೋಯುವುದು ಸಹಜ. ಆದರೆ ಅದಕ್ಕಿಂತ ಮೊದಲೇ, ನಮ್ಮದೇ ಆಡಳಿತದಲ್ಲಿ, ಆ ಕಸುಬುದಾರರ ಹೆಸರು ಬರೆದಿಡುವ ಪದ್ಧತಿ ಇರಲಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ. ಹೆಸರು ಬರೆದಿಡದ ಕಡೆ ಜ್ಞಾನ ಒಬ್ಬ ಉಸ್ತಾದನಿಂದ ಒಬ್ಬ ಶಿಷ್ಯನಿಗೆ ಹೋಗುತ್ತದೆ. ಆ ಸರಪಳಿ ಎಲ್ಲಿ ಕಡಿಯುತ್ತದೋ ಅಲ್ಲಿಗೆ ಮುಗಿಯುತ್ತದೆ. ಕಿರ್ಲೋಸ್ಕರವಾಡಿಯ ಶಾಲೆ ಬಿಟ್ಟ ಹುಡುಗರ, ಕಾವಲುಗಾರರ ಹೆಸರು ನಮಗೆ ಇಂದು ಗೊತ್ತಿರುವುದು ಆ ಸಂಸ್ಥೆ ಅವರನ್ನು ನೆನಪಿಟ್ಟುಕೊಂಡಿದ್ದರಿಂದ.

ಇಂದಿನ ಬೆಳಗಾವಿ

ಕಿರ್ಲೋಸ್ಕರ್ ಹೋದ ಮೇಲೆ ಬೆಳಗಾವಿ ಬರಿದಾಗಿ ಉಳಿಯಲಿಲ್ಲ. ಆ ಮನೆತನದ ಉದ್ಯಮ ಕೂಡ ಬೇರೆ ದಾರಿಯಿಂದ ಕರ್ನಾಟಕಕ್ಕೆ ಮರಳಿತು. 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬಂದವು. ಹರಿಹರದ ಕಾರ್ಖಾನೆ ಈಗಿಲ್ಲ. ಬೆಳಗಾವಿಯಲ್ಲಿ ಎರಕದ ಉದ್ಯಮ ಬೇರೂರಿತು. ಉದ್ಯಮಬಾಗದ ಫೌಂಡ್ರಿಗಳಲ್ಲಿ ವಾಹನಗಳ, ಪಂಪುಗಳ ಭಾಗಗಳು ತಯಾರಾಗುತ್ತವೆ. ಫೌಂಡ್ರಿಯಲ್ಲಿ ಅಚ್ಚು ಮಾಡಲು ಬೇಕಾಗುವ ಮರಳು ದೊಡ್ಡ ಖರ್ಚಿನ ಬಾಬತ್ತು, ಬಳಸಿದ ಮರಳನ್ನು ಎಲ್ಲಿ ಸುರಿಯುವುದೆಂಬುದು ಇನ್ನೂ ದೊಡ್ಡ ತಲೆನೋವು. ಬಿಡಿಬಿಡಿಯಾಗಿ ಸಣ್ಣ ಮಾಲೀಕರಿಗೆ ಇದಕ್ಕೆ ಪರಿಹಾರವಿಲ್ಲ. ಇಲ್ಲಿನ ಉದ್ಯಮಿಗಳು ಬೆಳಗಾಂ ಫೌಂಡ್ರಿ ಕ್ಲಸ್ಟರ್ ಎಂಬ ಸಂಸ್ಥೆ ಕಟ್ಟಿಕೊಂಡು, ಬಳಸಿದ ಮರಳನ್ನು ಮತ್ತೆ ಬಳಕೆಗೆ ತರುವಂಥ ಸೌಲಭ್ಯಗಳನ್ನು ಒಟ್ಟಾಗಿ ಮಾಡಿಕೊಂಡಿದ್ದಾರೆ. ಪೈಪೋಟಿ ಇದ್ದವರು ಒಂದು ಆಲೋಚನೆಗಾಗಿ ಒಟ್ಟಿಗೆ ಕೂರಬಹುದು ಎಂಬುದಕ್ಕೆ ಇದು ಸಾಕ್ಷಿ.

ಕಾಕತಿಯ ಬಗಲಿನ ಯಮನಾಪುರದ ಕಾರ್ಖಾನೆಯದು ಇನ್ನೊಂದು ಬಗೆ. 1970ರ ಸುಮಾರಿಗೆ ಇಂಡಾಲ್ ಹೆಸರಿನಲ್ಲಿ ಶುರುವಾಗಿ ಇಂದು ಹಿಂಡಾಲ್ಕೊ ಒಡೆತನದಲ್ಲಿರುವ ಈ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ಎಂಬ ಬಿಳಿಯ ಪುಡಿ ತೆಗೆಯುತ್ತಾರೆ. ಪಿಂಗಾಣಿ, ಭಟ್ಟಿಯ ಇಟ್ಟಿಗೆ ಮುಂತಾದವುಗಳಿಗೆ ಬೇಕಾದ ವಿಶೇಷ ಬಗೆಯ ಅಲ್ಯುಮಿನಾ ಇಲ್ಲಿ ತಯಾರಾಗುತ್ತದೆ. ಅಲ್ಯುಮಿನಾ ಸಂಶೋಧನೆಗಾಗಿಯೇ ಕಂಪನಿಯ ಕೇಂದ್ರವೊಂದು ಬೆಳಗಾವಿಯಲ್ಲಿದೆ. ದೊಡ್ಡ ಕಂಪನಿಗಳಲ್ಲಿ ಹೊಸ ಆಲೋಚನೆಗೆ ಹೀಗೆ ಪ್ರತ್ಯೇಕ ಕಟ್ಟಡ, ಪ್ರತ್ಯೇಕ ವಿಜ್ಞಾನಿಗಳು ಇರುತ್ತಾರೆ. ಅದು ಬೇಕಾದದ್ದೇ. ಅದಿರು ಕರಗಿಸಿದ ಮೇಲೆ ಉಳಿಯುವ ಕೆಂಪು ರಾಡಿಯನ್ನು ಏನು ಮಾಡಬೇಕು ಎಂಬುದು ಜಗತ್ತಿನ ಎಲ್ಲ ಅಲ್ಯುಮಿನಾ ಕಾರ್ಖಾನೆಗಳ ಪ್ರಶ್ನೆ. ಅದಕ್ಕೆ ಪ್ರಯೋಗಾಲಯವಿಲ್ಲದೆ ಉತ್ತರ ಸಿಗದು. ಆದರೆ ಆಲೋಚಿಸುವುದು ಆ ಕಟ್ಟಡದವರ ಕೆಲಸ, ದುಡಿಯುವುದು ಈ ಕಡೆಯವರ ಕೆಲಸ ಎಂಬ ಭಾವನೆ ಬೆಳೆದರೆ ಯಾವ ಕಾರ್ಖಾನೆಯಾದರೂ ನಷ್ಟ ಅನುಭವಿಸುತ್ತದೆ.

ಈ ಗೋಡೆಯನ್ನು ಕೆಡವಲು ನೋಡಿದ ಒಂದು ಪ್ರಯೋಗ ಖಾನಾಪುರ ರಸ್ತೆಯ ಮಚ್ಛೆಯಲ್ಲಿ ನಡೆಯಿತು. ಸುರೇಶ ಹುಂದ್ರೆಯವರು 1981ರಲ್ಲಿ ಆರಂಭಿಸಿದ ಪಾಲಿಹೈಡ್ರಾನ್ ಕಂಪನಿ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ತಯಾರಿಸುತ್ತದೆ. ಲಂಚ ಕೊಡದೆ, ತೆರಿಗೆ ಕದಿಯದೆ ಕಾರ್ಖಾನೆ ನಡೆಸಬಹುದು ಎಂದು ತೋರಿಸಿದ್ದಕ್ಕೆ ಅದು ಹೆಸರಾಯಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅಲ್ಲಿನ ಇನ್ನೊಂದು ಪದ್ಧತಿ. ಕೆಲಸಗಾರನ ಬೆನ್ನ ಹಿಂದೆ ನಿಲ್ಲುವ ಸೂಪರ್‌ವೈಸರ್ ಇಲ್ಲದೆ, ತನ್ನ ಯಂತ್ರಕ್ಕೆ, ತನ್ನ ಕೆಲಸದ ಗುಣಮಟ್ಟಕ್ಕೆ ತಾನೇ ಜವಾಬ್ದಾರ ಎಂಬ ತತ್ವದ ಮೇಲೆ ಹುಂದ್ರೆ ಕಾರ್ಖಾನೆ ಕಟ್ಟಿದರು. ಕಾರ್ಖಾನೆ ಗಳಿಸಿದ ಮೌಲ್ಯಕ್ಕೂ ಸಂಬಳಕ್ಕೂ ನಂಟು ಬೆಸೆದರು. ಇಂಥ ಕಡೆ ಸಲಹೆ ಪೆಟ್ಟಿಗೆಯ ಅಗತ್ಯ ಕಡಿಮೆ. ತನ್ನ ಯಂತ್ರದ ಮುಂದೆ ಹೊಳೆದದ್ದನ್ನು ಅವನೇ ಮಾಡಿ ನೋಡಬಹುದು, ಉಳಿದ ಹಣದಲ್ಲಿ ಅವನಿಗೂ ಪಾಲಿದೆ. ನಂಬಿಕೆಯಿಂದ ಖರ್ಚು ಉಳಿಯುತ್ತದೆ ಎಂಬುದು ಇಲ್ಲಿ ಉಪದೇಶವಾಗಿರಲಿಲ್ಲ. ಲೆಕ್ಕದ ಪುಸ್ತಕದ ವಿಷಯವಾಗಿತ್ತು.

ಯಾರ ಮಾತಿಗೆ ಬೆಲೆ?

ಕೆಲಸಗಾರರ ಮಾತು ಕೇಳಬೇಕೆಂದು ಕಾನೂನೂ ಹೇಳುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಮಾಲೀಕರ ಮತ್ತು ಕೆಲಸಗಾರರ ಪ್ರತಿನಿಧಿಗಳಿರುವ ಸಮಿತಿ ರಚಿಸಲ���ು ಅವಕಾಶವಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 43ಎ ವಿಧಿ, ಆಡಳಿತದಲ್ಲಿ ಕೆಲಸಗಾರರು ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಕಾಗದದ ಮೇಲೆ ಕಿವಿಗಳಿಗೆ ಕೊರತೆಯಿಲ್ಲ.

ಕೊರತೆ ಬೇರೆ ಕಡೆ ಇದೆ. ಇಂದು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರ ಸಂಖ್ಯೆ ಹೆಚ್ಚುತ್ತಿದೆ. ಒಂದೇ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತರೂ ಗುತ್ತಿಗೆ ಕೆಲಸಗಾರ ಆ ಕಾರ್ಖಾನೆಯವನಲ್ಲ. ಅವನು ಗುತ್ತಿಗೆದಾರನ ಮನುಷ್ಯ. ನಾಳೆ ಇಲ್ಲಿರುತ್ತೇನೋ ಇಲ್ಲವೋ ತಿಳಿಯದವನು ಈ ಯಂತ್ರ ಹೀಗೆ ಮಾಡಿದರೆ ಚೆನ್ನಾಗಿ ಓಡುತ್ತದೆ ಎಂದು ಯಾರಿಗೆ ಹೇಳಬೇಕು, ಯಾಕೆ ಹೇಳಬೇಕು? ಅವನ ಉಪಾಯದಿಂದ ನಾಲ್ಕು ಜನರ ಕೆಲಸ ಇಬ್ಬರಿಂದ ಆಗುವಂತಾದರೆ, ಹೊರಗೆ ಹೋಗುವ ಇಬ್ಬರಲ್ಲಿ ಅವನೂ ಒಬ್ಬನಾಗಬಹುದು. ಇಂಥ ಕಡೆ ಸುಮ್ಮನಿರುವುದೇ ಬುದ್ಧಿವಂತಿಕೆ. ಗೋಡೆಗೆ ಸಲಹೆ ಪೆಟ್ಟಿಗೆ ತೂಗುಹಾಕಿ, ತಿಂಗಳಿಗೊಮ್ಮೆ ಬೀಗ ತೆಗೆದು, ಖಾಲಿ ಇದೆ, ನಮ್ಮ ಜನಕ್ಕೆ ಆಲೋಚನೆಯೇ ಇಲ್ಲ ಎಂದು ಆಡಳಿತದವರು ದೂರುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಹೊಸ ಆಲೋಚನೆಯ ಪ್ರಶ್ನೆ ಕೊನೆಗೆ ನ್ಯಾಯದ ಪ್ರಶ್ನೆಯಾಗುತ್ತದೆ. ಸಲಹೆ ಕೊಟ್ಟವನ ಕೆಲಸ ಹೋಗುವುದಿಲ್ಲ ಎಂಬ ಭರವಸೆ, ಸಲಹೆ ಬಂದರೆ ನಿಗದಿತ ದಿನದೊಳಗೆ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ, ಕಾರಣ ಇದು’ ಎಂಬ ಉತ್ತರ, ಮಾಡಿ ನೋಡಲು ಸ್ವಲ್ಪ ಸಾಮಗ್ರಿ ಮತ್ತು ಸಮಯ, ಯಶಸ್ವಿಯಾದರೆ ಅವನ ಹೆಸರು ಮತ್ತು ಪಾಲು: ಇಷ್ಟು ಇದ್ದರೆ ಪೆಟ್ಟಿಗೆ ತಾನಾಗಿ ತುಂಬುತ್ತದೆ. ಇವು ಗುತ್ತಿಗೆ ಕೆಲಸಗಾರರಿಗೂ, ಮಹಿಳಾ ಕೆಲಸಗಾರರಿಗೂ, ಅಪ್ರೆಂಟಿಸ್ ಹುಡುಗರಿಗೂ ಸಲ್ಲಬೇಕು. ಸಲಹೆಯನ್ನು ಕನ್ನಡದಲ್ಲಿ ಬರೆಯಲಿ, ಮರಾಠಿಯಲ್ಲಿ ಬರೆಯಲಿ, ಉರ್ದುವಿನಲ್ಲಿ ಬರೆಯಲಿ, ಬರೆಯಲು ಬಾರದವರು ಬಾಯಲ್ಲಿ ಹೇಳಲಿ. ಕೇಳುವವನಿಗೆ ಅದು ಅಡ್ಡಿಯಾಗಬಾರದು. ಗಡಿಯ ನಾಮಫಲಕಗಳಿಗಾಗಿ ಈ ನಗರ ಸವೆಸಿದ ಶಕ್ತಿಯಲ್ಲಿ ಒಂದು ಪಾಲು ಇಂಥ ಕೆಲಸಕ್ಕೆ ಸಂದಿದ್ದರೆ ಎಂದು ಎಷ್ಟೋ ಸಲ ಅನ್ನಿಸುತ್ತದೆ.

1998ರಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಆವರಣ ಇದೇ ಮಚ್ಛೆಯ ಬಳಿ ಇದೆ. ಸಂಪದಭ್ಯುದಯ ಸಮಾಜಕ್ಕೆ ಒತ್ತಾಸೆಯಾಗಿದ್ದ ವಿಶ್ವೇಶ್ವರಯ್ಯನವರ ಹೆಸರನ್ನೇ ಅದಕ್ಕೆ ಇಡಲಾಗಿದೆ. ಸುತ್ತಲಿನ ಶೆಡ್ಡುಗಳಲ್ಲಿ ದುಡಿಯುವ ಟರ್ನರ್, ಮೋಲ್ಡರ್, ಫಿಟ್ಟರುಗಳಿಗೆ ಗೊತ್ತಿರುವುದನ್ನು ಅಲ್ಲಿನ ವಿದ್ಯಾರ್ಥಿಗಳು ಹೋಗಿ ಕೇಳಿ, ಹೇಳಿದವರ ಹೆಸರು ಸಹಿತ ಬರೆದಿಡುವ ಕೆಲಸವನ್ನು ನಾಳೆಯೇ ಆರಂಭಿಸಬಹುದು. ಅದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಕಾಕತಿಯಿಂದ ಖಾನಾಪುರ ರಸ್ತೆಯವರೆಗಿನ ಕಾರ್ಖಾನೆಗಳಲ್ಲಿ ಎಷ್ಟು ಯಂತ್ರಗಳಿವೆ ಎಂಬ ಲೆಕ್ಕ ಇಲಾಖೆಗಳ ಬಳಿ ಸಿಗುತ್ತದೆ. ಆ ಯಂತ್ರಗಳ ಮುಂದೆ ನಿಂತವರಿಗೆ ಏನು ಹೊಳೆದಿದೆ ಎಂಬ ಲೆಕ್ಕವನ್ನು ನಾವಿನ್ನೂ ಬರೆಯಲು ಶುರುಮಾಡಬೇಕಾಗಿದೆ.